ಹಡಗು ಹತ್ತುವಾಗ ಚೀಲದಲ್ಲಿ ಯಾವ ಪರದೆ?

ಮುಂಬೈಯಿಂದ ಹೊರಟು ಕೊಚ್ಚಿ, ಲಕ್ಷದ್ವೀಪ ಮುಟ್ಟಿಕೊಂಡು ವಾಪಸು ಮುಂಬೈಗೆ ಬರುವ ಐದು ರಾತ್ರಿಯ ಹಡಗಿಗೆ ಟಿಕೆಟ್ ಆಯಿತು. ಅಂದು ಸಂಜೆಯೇ ಮನೆಯಲ್ಲಿ ತಕರಾರು. ನಾನು ಇ-ರೀಡರ್ ಒಯ್ಯುತ್ತೇನೆ ಅಂದೆ. “ಟ್ಯಾಬ್ ಇದೆಯಲ್ಲೇ, ಅದರಲ್ಲೇ ಓದು. ಬೇಕಾದ್ರೆ ಸಿನಿಮಾನೂ ನೋಡಬಹುದು. ಒಂದು ಕೆಲಸಕ್ಕೆ ಎರಡು ಸಾಮಾನು ಯಾಕೆ?” ಅಂದರು ನಮ್ಮ ಮನೆಯವರು. ಮೂವತ್ತು ವರ್ಷ ಬ್ಯಾಂಕಿನಲ್ಲಿ ಲೆಕ್ಕ ನೋಡಿದವರ ಮಾತು ಅದು. ಹೆಂಡತಿಯ ಹಟದಿಂದ ತಳ್ಳಿಹಾಕಬಹುದು, ತರ್ಕದಿಂದ ತಳ್ಳಿಹಾಕುವುದು ಸುಲಭವಿರಲಿಲ್ಲ.

ಯಾಕೆಂದರೆ ಟ್ಯಾಬ್ ಮಾಡುವ ಕೆಲಸಗಳ ಪಟ್ಟಿ ಉದ್ದ. ಇ-ರೀಡರ್ ಮಾಡುವುದು ಒಂದೇ ಕೆಲಸ. ಅದನ್ನೂ ನಿಧಾನಕ್ಕೆ, ಪುಟ ತಿರುಗಿಸಿದಾಗಲೆಲ್ಲ ಒಮ್ಮೆ ಕಣ್ಣು ಮಿಟುಕಿಸಿ ಮಾಡುತ್ತದೆ. (ನಮ್ಮ ಕಡೆ ಇ-ರೀಡರ್ ಎಂದರೆ ಯಾರಿಗೂ ತಿಳಿಯುವುದಿಲ್ಲ, ಯಾವ ಕಂಪನಿಯದಾದರೂ ಅದು ‘ಕಿಂಡಲ್’ಲೇ, ನೆರಳಚ್ಚೆಲ್ಲ ‘ಝೆರಾಕ್ಸ್’ ಆದ ಹಾಗೆ.) ಕೊನೆಗೆ ಎರಡೂ ಹೋದವು. ಐದು ದಿನದಲ್ಲಿ ನನ್ನ ವಾದ ಮೊದಲು ಜೋರಾಗಿ ಗೆದ್ದಿತು, ಆಮೇಲೆ ನಾನು ಎಣಿಸಿರದ ಒಂದು ಮೂಲೆಯಲ್ಲಿ ಚೆನ್ನಾಗಿಯೇ ಸೋತಿತು. ಸೋಲಿಸಿದ್ದು ನನ್ನದೇ ಭಾಷೆ. ಆ ಮಾತಿಗೆ ಬರುವ ಮುಂಚೆ ಬಿಸಿಲಿನ ಲೆಕ್ಕ ಮುಗಿಸಬೇಕು.

ಹಡಗಿನ ಡೆಕ್ಕಿನ ಮೇಲೆ ಮಧ್ಯಾಹ್ನ ಬೀಳುವ ಬೆಳಕು ಸುಮಾರು 1 ಲಕ್ಷ ಲಕ್ಸ್. ಆ ಬಿಸಿಲಿಗೆ ಒಂದು ಬಿಳಿ ಕಾಗದ ಹಿಡಿದರೆ ಅದು 25 ಸಾವಿರ ನಿಟ್‌ಗಳ ಆಸುಪಾಸು ಹೊಳೆಯುತ್ತದೆ (ಲಕ್ಸ್ ಎಂದರೆ ಬೀಳುವ ಬೆಳಕಿನ ಅಳತೆ, ನಿಟ್ ಎಂದರೆ ಹೊಳಪಿನದು). ಸಾಮಾನ್ಯ ಟ್ಯಾಬ್‌ನ ಪರದೆ ತನ್ನ ಬೆಳಕನ್ನು ತಾನೇ ಹೊಮ್ಮಿಸಬೇಕು, ಎಷ್ಟೇ ತಿಣುಕಿದರೂ 500 ನಿಟ್‌ಗೆ ಅದರ ಉಸಿರು ಮುಗಿಯಿತು. ಅಂದರೆ ಸೂರ್ಯನ ಎದುರು ಟಾರ್ಚ್ ಹಿಡಿದುಕೊಂಡು ಕೂತ ಹಾಗೆ. ಇವರು ಮೊದಲ ದಿನ ಟ್ಯಾಬ್ ತೆರೆದಾಗ ಅದರಲ್ಲಿ ಕಂಡದ್ದು ಇವರದೇ ಮುಖ, ಹಿಂದೆ ಒಂದು ತುಂಡು ಆಕಾಶ.

ಇ-ರೀಡರ್‌ನ ಪರದೆಗೆ ಈ ಪಂದ್ಯವೇ ಇಲ್ಲ. ಅದು ಬಿಸಿಲಿನ ಜತೆ ಜಗಳಕ್ಕೆ ನಿಲ್ಲದೆ ಅದನ್ನೇ ಸಾಲ ತೆಗೆದುಕೊಂಡು ಹೊಳೆಯುತ್ತದೆ. ಅಮೆರಿಕದ ಎಂಐಟಿಯ ಪ್ರಯೋಗಶಾಲೆಯಲ್ಲಿ ಹುಟ್ಟಿ 1997ರಲ್ಲಿ ಕಂಪನಿಯಾಗಿ ಹೊರಬಂದ ಇ-ಇಂಕ್ ಎಂಬ ಈ ತಂತ್ರ ಕೇಳಲು ಸರಳ. ಕೂದಲೆಳೆಯ ದಪ್ಪದ ಲಕ್ಷಾಂತರ ಗುಳಿಗೆಗಳು. ಒಂದೊಂದರ ಒಳಗೂ ಬಿಳಿ ಕಣ, ಕಪ್ಪು ಕಣ, ಎರಡಕ್ಕೂ ವಿರುದ್ಧ ವಿದ್ಯುದಂಶ. ಬಿಳಿಗೆ ಬಳಸುವುದು ಟೈಟಾನಿಯಂ ಡೈಆಕ್ಸೈಡ್, ನಮ್ಮ ಗೋಡೆಯ ಬಿಳಿ ಪೇಂಟಿನಲ್ಲಿ ಇರುವುದೇ. ವಿದ್ಯುತ್ತು ಒಮ್ಮೆ ಹಾಯಿಸಿದರೆ ಬೇಕಾದ ಬಣ್ಣದ ಕಣ ಮೇಲಕ್ಕೆ ಬಂದು ನಿಲ್ಲುತ್ತದೆ, ವಿದ್ಯುತ್ತು ನಿಂತರೂ ಅಲ್ಲೇ ಇರುತ್ತದೆ. ಹಾಗಾಗಿ ಪುಟ ತಿರುಗಿಸುವಾಗ ಮಾತ್ರ ಖರ್ಚು. ಎಷ್ಟು ಹೊತ್ತು ಓದಿದರೂ ಆ ಪುಟ ಪುಕ್ಕಟೆ. 2004ರಲ್ಲಿ ಸೋನಿ ಜಪಾನಿನಲ್ಲಿ ಇದನ್ನು ಪುಸ್ತಕವಾಗಿಸಿತು. 2007ರ ನವೆಂಬರ್‌ನಲ್ಲಿ 399 ಡಾಲರಿಗೆ ಬಂದ ಮೊದಲ ಕಿಂಡಲ್ ಐದೂವರೆ ಗಂಟೆಯಲ್ಲಿ ಖಾಲಿಯಾಯಿತು. ಈ ಪರದೆ ಕಾಗದದಷ್ಟು ಬೆಳ್ಳಗಿಲ್ಲ, ಹಳೆಯ ನ್ಯೂಸ್‌ಪ್ರಿಂಟಿನ ಬೂದು ಬಣ್ಣ. ಆದರೂ ಬಿದ್ದ ಬೆಳಕಿನಲ್ಲಿ ಶೇಕಡಾ 40ಕ್ಕಿಂತ ಹೆಚ್ಚನ್ನು ತಿರುಗಿಸಿ ಕಳಿಸುತ್ತದೆ. ಡೆಕ್ಕಿನ ಬಿಸಿಲಿನಲ್ಲಿ ಅದು 12, 13 ಸಾವಿರ ನಿಟ್ ಆಯಿತು. 500ಕ್ಕೂ ಇದಕ್ಕೂ ಎಲ್ಲಿಯ ಹೋಲಿಕೆ!

ಬಿಸಿಲಿಗೆ ಕಪ್ಪು ಕನ್ನಡಕ ಹಾಕಿಕೊಂಡರೆ ಇನ್ನೊಂದು ತಮಾಷೆ. 1921ರಲ್ಲಿ ಸಿ.ವಿ. ರಾಮನ್ ಇಂಗ್ಲೆಂಡಿಗೆ ಹೋಗಿ ‘ನಾರ್ಕುಂಡಾ’ ಎಂಬ ಹಡಗಿನಲ್ಲಿ ಮುಂಬೈಗೆ ಮರಳುತ್ತಿದ್ದರು. ಮೆಡಿಟರೇನಿಯನ್ನಿನ ನೀಲಿ ಅವರನ್ನು ಕಾಡಿತು. ಕಡಲು ನೀಲಿಯಾಗಿ ಕಾಣುವುದು ಆಕಾಶದ ಪ್ರತಿಬಿಂಬದಿಂದ ಎಂದು ದೊಡ್ಡವರೇ ಹೇಳಿಬಿಟ್ಟಿದ್ದ ಕಾಲ. ರಾಮನ್ ಜೇಬಿನಲ್ಲಿದ್ದ ನಿಕೋಲ್ ಪಟ್ಟಕವನ್ನು ಕಣ್ಣಿಗೆ ಹಿಡಿದು ಅಲೆಗಳ ಮೇಲ್ಮೈಯ ಹೊಳಪನ್ನು ಕತ್ತರಿಸಿ ನೋಡಿದರು. ಹೊಳಪು ಹೋದರೂ ನೀಲಿ ಹೋಗಲಿಲ್ಲ, ಇನ್ನೂ ಗಾಢವಾಯಿತು. ಸೆಪ್ಟೆಂಬರಿನಲ್ಲಿ ಮುಂಬೈ ಬಂದರಿನಿಂದಲೇ ‘ನೇಚರ್’ ಪತ್ರಿಕೆಗೆ ಬರೆದು ಕಳಿಸಿದರು. ಆ ಪಟ್ಟಕ ಮಾಡಿದ ಕೆಲಸವನ್ನು ಇಂದು ಅಂಗಡಿಯಲ್ಲಿ ಸಿಗುವ ಪೋಲರಾಯ್ಡ್ ತಂಪುಕನ್ನಡಕ ಮಾಡುತ್ತದೆ, ಒಂದು ದಿಕ್ಕಿನಲ್ಲಿ ಕಂಪಿಸುವ ಬೆಳಕನ್ನು ತಡೆಯುತ್ತದೆ. ಟ್ಯಾಬ್‌ನ ಎಲ್‌ಸಿಡಿ ಪರದೆ ಹೊರಹಾಕುವುದೂ ಒಂದೇ ದಿಕ್ಕಿನಲ್ಲಿ ಕಂಪಿಸುವ ಬೆಳಕು. ಎರಡೂ ಅಡ್ಡಡ್ಡ ಬಂದರೆ ಪರದೆ ಕರ್ರಗೆ. ಹಲವು ಟ್ಯಾಬ್‌ಗಳನ್ನು ಈ ಕನ್ನಡಕದಲ್ಲಿ ಉದ್ದಕ್ಕೆ ಹಿಡಿದರೆ ಕಾಣುತ್ತವೆ, ಅಡ್ಡ ಹಿಡಿದರೆ ಇಲ್ಲ. ಕೆಲವು ಇದರ ತಿರುಗುಮುರುಗು. ಇ-ಇಂಕ್‌ನಲ್ಲಿ ಈ ಸಮಸ್ಯೆಗೆ ಜಾಗವೇ ಇಲ್ಲ, ಅದು ಕಾಗದದ ಸ್ವಭಾವದ್ದು. ಇವರು ಟ್ಯಾಬನ್ನು ಅತ್ತಿತ್ತ ತಿರುವುತ್ತ ಬೈಯುವಾಗ ನನಗೆ ರಾಮನ್ ನೆನಪಾಗಿ ನಗು ಬಂತು. ಹೇಳಿದರೆ ಇವರಿಗೆ ನಗು ಬರಲಿಲ್ಲ.

ಎರಡನೆಯ ದಿನ ಹನ್ನೆರಡು ಗಂಟೆಗೆ ಟ್ಯಾಬ್ ತಾನಾಗಿ ಮಂಕಾಗಿ, ಬಿಸಿಯಾಗಿದ್ದೇನೆ ಎಂದು ಸೂಚನೆ ತೋರಿಸಿ ಮಲಗಿತು. ಇಂಥ ಸಾಧನಗಳ ಕೈಪಿಡಿಯಲ್ಲಿ ಸುತ್ತಲಿನ ಉಷ್ಣತೆ 35 ಡಿಗ್ರಿ ದಾಟಬಾರದು ಎಂದಿರುವುದು ವಾಡಿಕೆ. ಅರಬ್ಬಿ ಕಡಲಿನ ಬಿಸಿಲಿನಲ್ಲಿ ಕಪ್ಪು ಗಾಜಿನ ಹಲಗೆಗೆ ಅದು ಹತ್ತು ನಿಮಿಷದ ದಾರಿ.

ನೀರಿನ ವಿಷಯದಲ್ಲಿ ಮಾತ್ರ ಇ-ರೀಡರ್ ಪರವಾಗಿ ಹೇಳುವ ಮಾತನ್ನು ಸ್ವಲ್ಪ ಸೋಸಿ ತೆಗೆದುಕೊಳ್ಳಬೇಕು. ‘ವಾಟರ್‌ಪ್ರೂಫ್’ ಎಂದು ಮಾರುವ ಕಿಂಡಲ್‌ಗಳ ವಿವರದಲ್ಲಿ ಸಿಹಿನೀರಿಗೆ ಒಂದು ಲೆಕ್ಕ, ಕಡಲ ನೀರಿಗೆ ಇನ್ನೊಂದು. ಸಿಹಿನೀರಿನಲ್ಲಿ 2 ಮೀಟರ್ ಆಳ, 60 ನಿಮಿಷ; ಉಪ್ಪುನೀರಿನಲ್ಲಿ ಕಾಲು ಮೀಟರ್, 3 ನಿಮಿಷ. ಹಲವು ಹಡಗುಗಳ ಈಜುಕೊಳದಲ್ಲಿ ತುಂಬಿರುವುದೂ ಕಡಲ ನೀರೇ. ಲಕ್ಷದ್ವೀಪದಲ್ಲಂತೂ ಸುತ್ತ ಹವಳದ ದಿಬ್ಬ, ದೊಡ್ಡ ಹಡಗು ದಡಕ್ಕೆ ಹೋಗುವಂತಿಲ್ಲ. ದೂರದಲ್ಲಿ ನಿಂತು ಸಣ್ಣ ದೋಣಿಗೆ ಇಳಿಸುತ್ತಾರೆ, ಮುಖಕ್ಕೆ ಮಡಿಲಿಗೆ ನೀರು ಎರಚುತ್ತದೆ. ಎರಚಲು ತಡೆಯುವುದು ಬೇರೆ, ಮುಳುಗಿ ಏಳುವುದು ಬೇರೆ. ಬಹುಪಾಲು ಟ್ಯಾಬ್‌ಗಳಿಗೆ ಎರಚಲಿನ ಭರವಸೆಯೂ ಇಲ್ಲ ಅನ್ನುವುದು ನಿಜ. ನಾನಂತೂ ಎರಡನ್ನೂ ಹಡಗಿನಲ್ಲೇ ಬಿಟ್ಟು ಇಳಿದೆ.

ಜಾಹೀರಾತಿನ ಇನ್ನೊಂದು ಮಾತು ಬ್ಯಾಟರಿಯದು. ಇ-ರೀಡರ್ ಆರು ವಾರ ಬರುತ್ತದೆ, ಟ್ಯಾಬ್ ಹತ್ತು ಗಂಟೆ. ಕೇಳಿದವರು ಬೆರಗಾಗುತ್ತಾರೆ. ಕೆಳಗೆ ಸಣ್ಣಕ್ಷರದಲ್ಲಿ ಬರೆದಿರುತ್ತದೆ: ದಿನಕ್ಕೆ ಅರ್ಧ ಗಂಟೆ ಓದಿದರೆ, ವೈಫೈ ಆರಿಸಿಟ್ಟರೆ. ಇವರು ಅದನ್ನು ಹಿಡಿದು ಲೆಕ್ಕ ಹಾಕಿಬಿಟ್ಟರು. ಆರು ವಾರ ಎಂದರೆ 42 ದಿನ, ಅರ್ಧರ್ಧ ಗಂಟೆ, ಒಟ್ಟು 21 ಗಂಟೆ. ಹಡಗಿನಲ್ಲಿ ಬೇರೆ ಕೆಲಸವಿಲ್ಲದೆ ದಿನಕ್ಕೆ ಐದು ಗಂಟೆ ಓದಿದರೆ ನಾಲ್ಕು ದಿನ ಚಿಲ್ಲರೆ. ಒಬ್ಬರು ವಾರದಲ್ಲಿ ಅಳೆದು ಇನ್ನೊಬ್ಬರು ಗಂಟೆಯಲ್ಲಿ ಅಳೆದರೆ ಬೆರಗಾಗದೆ ಇನ್ನೇನು? ದುಪ್ಪಟ್ಟು ಬರುತ್ತದೆ, ಒಪ್ಪೋಣ, ಪವಾಡವೇನಲ್ಲ. ಕ್ಯಾಬಿನ್ನಿನಲ್ಲಿ ಪ್ಲಗ್ ಪಾಯಿಂಟ್ ಕಡಿಮೆ, ನಮ್ಮ ಮನೆಯ ಎಕ್ಸ್‌ಟೆನ್ಷನ್ ಬೋರ್ಡನ್ನು ಬೆಂಕಿಯ ಭಯಕ್ಕೆ ಹೆಚ್ಚಿನ ಹಡಗುಗಳು ಹತ್ತಿಸಗೊಡುವುದಿಲ್ಲ. ಹಾಗಾಗಿ ದುಪ್ಪಟ್ಟಿಗೂ ಬೆಲೆ ಇದೆ.

ಕಣ್ಣಿಗೆ ಹಿತ, ನಿದ್ದೆಗೆ ಒಳ್ಳೆಯದು ಎಂಬ ವಾದವನ್ನು ನಾನು ಬಳಸುವುದಿಲ್ಲ. 2015ರಲ್ಲಿ ‘ಪಿಎನ್‌ಎಎಸ್’ ಪತ್ರಿಕೆಯಲ್ಲಿ ಬಂದ ಅಧ್ಯಯನವೊಂದನ್ನು ಎಲ್ಲರೂ ಎತ್ತಿ ತೋರಿಸುತ್ತಾರೆ. ಅದರಲ್ಲಿ ಭಾಗವಹಿಸಿದವರು 12 ಜನ. ಮಂದ ಬೆಳಕಿನ ಕೋಣೆಯಲ್ಲಿ ಐಪ್ಯಾಡನ್ನು ಪೂರ್ತಿ ಬೆಳಕಿನಲ್ಲಿಟ್ಟು ರಾತ್ರಿ ನಾಲ್ಕು ಗಂಟೆ ಓದಿದವರಿಗೆ ಕಾಗದದ ಪುಸ್ತಕ ಓದಿದಾಗಿನದಕ್ಕಿಂತ ನಿದ್ದೆ ಹತ್ತಲು ಹತ್ತು ನಿಮಿಷದಷ್ಟು ತಡವಾಯಿತು. ಹತ್ತು ನಿಮಿಷಕ್ಕೆ ಹೆದರಿ ಯಾರೂ ಯಂತ್ರ ಕೊಳ್ಳಬೇಕಾಗಿಲ್ಲ. ತೂಕದ ವಾದ ಹೆಚ್ಚು ಪ್ರಾಮಾಣಿಕವಾದದ್ದು: ಸಾಧಾರಣ ಇ-ರೀಡರ್ 160ರಿಂದ 200 ಗ್ರಾಂ, ಹತ್ತಿಂಚಿನ ಟ್ಯಾಬ್ ಅರ್ಧ ಕಿಲೋ. ಮಲಗಿ ಓದುತ್ತ ತೂಕಡಿಸಿದಾಗ ಮೂಗಿನ ಮೇಲೆ ಬೀಳುವುದು ಯಾವುದಾದರೆ ಲೇಸು ಎಂದು ವಯಸ್ಸಾದವರಿಗೆ ವಿವರಿಸಬೇಕಿಲ್ಲ.

ಇಷ್ಟೆಲ್ಲ ಹೇಳಿದರೂ ಇವರ ಮೂಲ ಪ್ರಶ್ನೆ ಹಾಗೇ ಉಳಿಯುತ್ತದೆ. ಒಂದು ಕೆಲಸಕ್ಕೆ ಎರಡು ಸಾಮಾನು ಯಾಕೆ? ಇದಕ್ಕೆ ಉತ್ತರ ಹೊಳೆದದ್ದು ಮುಂಬೈಯ ದೀಪಗಳು ಮುಳುಗಿ ಫೋನಿನ ಸಿಗ್ನಲ್ ಕಡ್ಡಿಗಳು ಒಂದೊಂದಾಗಿ ಉದುರಿದಾಗ. ಟ್ಯಾಬ್ ನೂರು ಕೆಲಸ ಮಾಡುತ್ತದೆ ಎನ್ನುವುದು ನೆಲದ ಮೇಲಿನ ಮಾತು. ಅದರಲ್ಲಿ ತೊಂಬತ್ತು ಕೆಲಸ ಅದು ಮಾಡುವುದೇ ಅಲ್ಲ, ನೆಟ್ಟು ಮಾಡುವುದು. ಕಡಲಿನಲ್ಲಿ ನೆಟ್ಟು ಉಪಗ್ರಹದಿಂದ ಇಳಿದು ಬರಬೇಕು, ಹಡಗಿನವರು ಅದನ್ನು ದಿನಲೆಕ್ಕದಲ್ಲಿ ಮಾರುತ್ತಾರೆ. 2022ರಿಂದೀಚೆಗೆ ದೊಡ್ಡ ಹಡಗುಗಳಿಗೆ ಸ್ಟಾರ್‌ಲಿಂಕ್ ಬಂದು ವೇಗವಾಗಿದೆ, ಆದರೆ ಪುಕ್ಕಟೆಯಾಗಿಲ್ಲ. ಫೋನನ್ನು ಏರೋಪ್ಲೇನ್ ಮೋಡಿಗೆ ಹಾಕದೆ ಮರೆತರೆ ಹಡಗಿನ ಸ್ವಂತ ಮೊಬೈಲ್ ಜಾಲಕ್ಕೆ ಅಂಟಿಕೊಂಡು ಮನೆಗೆ ಬಂದಮೇಲೆ ಬಿಲ್ಲು ಕಳಿಸಬಹುದು. ನೆಟ್ಟು ಕಳೆದ ಟ್ಯಾಬ್‌ನಲ್ಲಿ ಉಳಿಯುವುದು ಮೊದಲೇ ಇಳಿಸಿಕೊಂಡ ಸಿನಿಮಾ, ಒಂದೆರಡು ಆಟ, ಫೋಟೋ. ಅವೆಲ್ಲ ಜೇಬಿನ ಫೋನಿನಲ್ಲೂ ಇವೆ. ಹಡಗಿನ ಊಟದ ಪಟ್ಟಿ, ದಿನದ ಕಾರ್ಯಕ್ರಮ ತೋರಿಸುವ ಆ್ಯಪ್ ಕೂಡ ಫೋನಿನಲ್ಲೇ. ಹಾಗಾದರೆ ಒಂದೇ ಕೆಲಸಕ್ಕೆ ಹೊತ್ತ ಎರಡು ಸಾಮಾನು ಯಾವುದು? ಫೋನು ಮತ್ತು ಟ್ಯಾಬು. ಇ-ರೀಡರ್ ಮಾಡುವುದು ಒಂದೇ ಕೆಲಸವಾದರೂ ಅದನ್ನು ಬಿಸಿಲಿನಲ್ಲಿ ಬೇರೆ ಯಾರೂ ಮಾಡಲಾರರು. ಇದನ್ನು ಹೇಳಿದಾಗ ಇವರು ಸ್ವಲ್ಪ ಹೊತ್ತು ಸುಮ್ಮನಿದ್ದು, “ಇದು ಸರಿಯಾದ ಲೆಕ್ಕ” ಅಂದರು. ಬ್ಯಾಂಕಿನವರ ಬಾಯಲ್ಲಿ ಇದು ದೊಡ್ಡ ಸರ್ಟಿಫಿಕೇಟು.

ನನ್ನ ಮಟ್ಟಿಗೆ ಇದರಲ್ಲಿ ಲೆಕ್ಕಕ್ಕಿಂತ ಆಚೆಯದೂ ಇದೆ. ಗಾಂಧೀಜಿ 1909ರ ನವೆಂಬರಿನಲ್ಲಿ ಲಂಡನ್ನಿನಿಂದ ದಕ್ಷಿಣ ಆಫ್ರಿಕಕ್ಕೆ ‘ಕಿಲ್ಡೊನನ್ ಕ್ಯಾಸಲ್’ ಹಡಗಿನಲ್ಲಿ ಮರಳುವಾಗ ಹತ್ತು ದಿನದಲ್ಲಿ ‘ಹಿಂದ್ ಸ್ವರಾಜ್’ ಬರೆದು ಮುಗಿಸಿದರು, ಹಡಗಿನವರದೇ ಕಾಗದದ ಮೇಲೆ. ಬಲಗೈ ಸೋತಾಗ ಎಡಗೈಯಲ್ಲಿ ಬರೆದರು. ಹಾಗೆ ಬರೆಯುವ ಶಕ್ತಿ ನಮಗಿಲ್ಲ, ಬಿಡಿ. ಆದರೆ ಯಾರೂ ತಡೆಯದ ಹತ್ತು ದಿನ ಎನ್ನುವುದು ಆಗ ಹಡಗು ಹತ್ತಿದ ಎಲ್ಲರಿಗೂ ಟಿಕೆಟ್ಟಿನ ಜತೆ ಸಿಗುತ್ತಿತ್ತು. ಈಗ ಅದನ್ನು ಬೇಕೆಂದು ಆರಿಸಿಕೊಳ್ಳಬೇಕು. ಎರಡು ಸಾವಿರ ಪುಸ್ತಕ ತುಂಬಿಕೊಂಡು, ಬೇರೆ ಏನನ್ನೂ ತೋರಿಸಲು ಬಾರದ ಯಂತ್ರ ಈ ಕೆಲಸಕ್ಕೆ ಹೇಳಿ ಮಾಡಿಸಿದ್ದು. ಅದರ ಬಡತನವೇ ಹಡಗಿನಲ್ಲಿ ಅದರ ಆಸ್ತಿ.

ಇಲ್ಲಿಗೆ ನಾನು ಗೆದ್ದೆ. ಮೂರನೆಯ ದಿನ ಇಂಗ್ಲಿಷ್ ಕಾದಂಬರಿ ಮುಗಿಯಿತು. ಕನ್ನಡ ಏನಾದರೂ ಓದೋಣ ಎನಿಸಿತು.

2016ರ ಡಿಸೆಂಬರಿನಲ್ಲಿ ಕಿಂಡಲ್‌ಗೆ ಭಾರತೀಯ ಭಾಷೆಗಳ ಪುಸ್ತಕಗಳು ಬಂದಾಗ ಹಿಂದಿ, ತಮಿಳು, ಮರಾಠಿ, ಗುಜರಾತಿ, ಮಲಯಾಳಂ ಎಂದು ಐದು ಭಾಷೆಗಳನ್ನು ಸೇರಿಸಿದರು. ಕನ್ನಡ ಅದರಲ್ಲಿ ಇರಲಿಲ್ಲ. ತೆಲುಗು ಬಂಗಾಳಿಗಳೂ ಇರಲಿಲ್ಲ ಎಂದು ಸಮಾಧಾನ ಮಾಡಿಕೊಳ್ಳಬಹುದೇನೋ. ಆದರೆ ಅದರ ಪರಿಣಾಮ ಓದುಗರ ಚೀಲದಲ್ಲಿ ಕಾಣುತ್ತದೆ. ಕೊಚ್ಚಿಯಲ್ಲಿ ಹಡಗು ಹತ್ತಿದ ಮಲಯಾಳಿ ಹೆಂಗಸೊಬ್ಬರು ನನ್ನ ಪಕ್ಕದ ಕುರ್ಚಿಯಲ್ಲಿ ತಮ್ಮ ಭಾಷೆಯ ಕಾದಂಬರಿಯನ್ನು ಇ-ರೀಡರ್‌ನಲ್ಲಿ ಬಿಸಿಲಿಗೆ ಹಿಡಿದು ಓದುತ್ತಿದ್ದರು. ಕನ್ನಡದ ಇ-ಪುಸ್ತಕಗಳು ಬೇರೆ ದಾರಿ ಹಿಡಿದವು. ಮೈಲ್ಯಾಂಗ್‌ನಂಥ ಕನ್ನಡಿಗರದೇ ಆ್ಯಪ್‌ನಲ್ಲಿ, ಗೂಗಲ್ ಪ್ಲೇ ಬುಕ್ಸ್‌ನಲ್ಲಿ ಅವು ಸಿಗುತ್ತವೆ. ಈ ಆ್ಯಪ್‌ಗಳು ನಡೆಯುವುದು ಫೋನಿನಲ್ಲಿ, ಟ್ಯಾಬ್‌ನಲ್ಲಿ. ಒಂದೇ ಕೆಲಸ ಕಲಿತ ನನ್ನ ಯಂತ್ರಕ್ಕೆ ಅವನ್ನು ಹಾಕುವಂತಿಲ್ಲ. ಹೊಗಳಿದ ಬಡತನ ಹೀಗೆ ಬಾಗಿಲಲ್ಲೇ ತಿರುಗಿ ನಿಂತಿತು.

ಪಿಡಿಎಫ್ ಹಾಕಿಕೊಂಡರಾಯಿತಲ್ಲ ಎಂದು ಗೆಳತಿಯರು ಹೇಳುತ್ತಾರೆ. ಇಂಟರ್ನೆಟ್ ಆರ್ಕೈವ್, ಕಣಜ, ಭಾರತವಾಣಿ ಜಾಲತಾಣಗಳಲ್ಲಿ ಹಳೆಯ ಕನ್ನಡ ಪುಸ್ತಕಗಳು ಸ್ಕ್ಯಾನ್ ಆಗಿ ಸಿಗುತ್ತವೆ, ಅದೊಂದು ಭಾಗ್ಯ. ನಾನೂ ಹೊರಡುವ ಮುಂಚೆ ನಾಲ್ಕು ತುಂಬಿಕೊಂಡಿದ್ದೆ. ತೆರೆದರೆ ಏನಾಯಿತು ಎನ್ನುವುದನ್ನು ಅಳತೆಯಲ್ಲೇ ಹೇಳುತ್ತೇನೆ. ಕನ್ನಡ ಕಾದಂಬರಿಗಳ ಸಾಮಾನ್ಯ ಆಕಾರ ಡೆಮಿ 1/8. ಪುಟದ ಎತ್ತರ ಸುಮಾರು 21 ಸೆಂಟಿಮೀಟರ್. ಆರಿಂಚಿನ ಇ-ರೀಡರ್ ಪರದೆಯ ಎತ್ತರ 12 ಸೆಂಟಿಮೀಟರ್ ಚಿಲ್ಲರೆ. ಸ್ಕ್ಯಾನ್ ಎಂದರೆ ಚಿತ್ರ. ಅಕ್ಷರ ದೊಡ್ಡದು ಮಾಡಿದರೆ ಸಾಲುಗಳು ಹೊಸದಾಗಿ ಹೊಂದಿಕೊಳ್ಳುವುದಿಲ್ಲ, ಇಡೀ ಪುಟವೇ ಕುಗ್ಗಿ ಕೂರುತ್ತದೆ. ಅಂದರೆ ಅಚ್ಚಿನ ಅಕ್ಷರ ಅರ್ಧಕ್ಕಿಂತ ಸ್ವಲ್ಪವೇ ಹೆಚ್ಚು. ಇಂಗ್ಲಿಷ್ ಆಗಿದ್ದರೆ ಹೇಗೋ ಓದಿಕೊಳ್ಳಬಹುದಿತ್ತು, ಅದು ಒಂದೇ ಸಾಲಿನ ಮೇಲೆ ನಿಂತ ಲಿಪಿ. ಕನ್ನಡ ಎರಡಂತಸ್ತಿನ ಮನೆ. ‘ರಾಷ್ಟ್ರ’ದ ಕೆಳಗೆ, ‘ಸ್ತ್ರೀ’ಯ ಕೆಳಗೆ ಒತ್ತುಗಳು ಜೋತಾಡುತ್ತವೆ. ಅರ್ಧಕ್ಕೆ ಕುಗ್ಗಿಸಿದಾಗ ಮೊದಲು ಸಾಯುವುದು ಈ ನೆಲಮಾಳಿಗೆಯವರೇ. ತ ಒತ್ತೋ ನ ಒತ್ತೋ ಎಂದು ವಾಕ್ಯದ ಅರ್ಥದಿಂದ ಊಹಿಸಬೇಕು. ಹತ್ತು ಪುಟ ಊಹಿಸಿದೆ, ತಲೆನೋವು ಬಂತು. ಹತ್ತೂಮುಕ್ಕಾಲು ಇಂಚಿನ ಟ್ಯಾಬ್‌ನ ಪರದೆ ಹೆಚ್ಚುಕಡಿಮೆ 22 ಸೆಂಟಿಮೀಟರ್ ಎತ್ತರ, 16 ಅಗಲ. ಡೆಮಿ ಪುಟ ಅದರಲ್ಲಿ ಇದ್ದ ಅಳತೆಯಲ್ಲೇ ಕೂರುತ್ತದೆ, ಅದಕ್ಕೆಂದೇ ಕತ್ತರಿಸಿದ ಹಾಗೆ.

ಆಂಡ್ರಾಯ್ಡ್ ಮೇಲೆ ನಡೆಯುವ, ಆ್ಯಪ್ ಹಾಕಬಹುದಾದ ಬೂಕ್ಸ್‌ನಂಥ ಇ-ಇಂಕ್ ಸಾಧನಗಳೂ ಇವೆ ಎಂದು ತಿಳಿದವರು ನೆನಪಿಸುತ್ತಾರೆ. ನಿಜ, ಕನ್ನಡ ಓದುಗರಿಗೆ ತರ್ಕದ ಉತ್ತರ ಅದೇ. ನನಗೆ ಮಾತ್ರ ಅದು ಎರಡು ದೋಣಿಯಲ್ಲಿ ಕಾಲಿಟ್ಟ ಹಾಗೆ ಕಾಣುತ್ತದೆ. ಬಣ್ಣಕ್ಕೂ ಚಲನೆಗೂ ಮಾಡಿದ ಆ್ಯಪ್ ಆ ನಿಧಾನದ ಪರದೆಯಲ್ಲಿ ಏದುಸಿರು ಬಿಡುತ್ತದೆ, ಅಧಿಸೂಚನೆಗಳು ಮತ್ತೆ ಒಳಗೆ ಬರುತ್ತವೆ, ಬೆಲೆ ಟ್ಯಾಬ್‌ನ ಹತ್ತಿರ ಹೋಗುತ್ತದೆ. ವರ್ಷಕ್ಕೆ ಐವತ್ತು ಕನ್ನಡ ಪುಸ್ತಕ ಓದುವವರು ಕೊಳ್ಳಲಿ. ಐದು ರಾತ್ರಿಯ ಪ್ರವಾಸಕ್ಕಾಗಿ ಬೇಡ.

ಸ್ಕ್ಯಾನ್‌ಗಿಂತಲೂ ಟ್ಯಾಬ್, ಫೋನುಗಳ ಬೆಲೆ ತಿಳಿದದ್ದು ಮೂರನೆಯ ರಾತ್ರಿ. ಗಾಳಿ ಎದ್ದು ಹಡಗು ತೊಟ್ಟಿಲಾಯಿತು. ಕಿವಿಯೊಳಗಿನ ಸಮತೋಲದ ಅಂಗ ನೀನು ಅಲ್ಲಾಡುತ್ತಿದ್ದೀಯ ಎನ್ನುತ್ತದೆ, ಪುಟಕ್ಕೆ ನೆಟ್ಟ ಕಣ್ಣು ಇಲ್ಲ ಎನ್ನುತ್ತದೆ. ಈ ಜಗಳಕ್ಕೆ ಹೊಟ್ಟೆ ದಂಡ ತೆರುತ್ತದೆ. ಆಗ ಯಾವ ಪರದೆಯೂ ಬೇಡ, ಕಾಗದವೂ ಬೇಡ. ಕಣ್ಣು ಮುಚ್ಚಿ ಕನ್ನಡ ಆಡಿಯೊ ಪುಸ್ತಕವೊಂದನ್ನು ಕೇಳುತ್ತ ಮಲಗಿದೆ. ಮನೆಯಲ್ಲೇ ಇಳಿಸಿಕೊಂಡಿದ್ದೆ, ಪುಣ್ಯ.

ಹಾಗಾಗಿ ಯಾರಾದರೂ ಕೇಳಿದರೆ ನಾನೀಗ ಮೊದಲು ಕೇಳುವ ಪ್ರಶ್ನೆ ಬಜೆಟ್ಟಿನದಲ್ಲ: ಯಾವ ಭಾಷೆಯಲ್ಲಿ ಓದುತ್ತೀರಿ, ಎಲ್ಲಿ ಕೂತು ಓದುತ್ತೀರಿ? ಇಂಗ್ಲಿಷನ್ನು ಡೆಕ್ಕಿನ ಮೇಲೆ ಓದುವವರು ಟ್ಯಾಬನ್ನು ಮನೆಯ ಬೀರುವಿನಲ್ಲಿಡಲಿ, ಅದರ ಅರ್ಧ ಬೆಲೆಯ ಇ-ರೀಡರ್ ಸಾಕು. ಕನ್ನಡವನ್ನು ಮುಖ್ಯವಾಗಿ ಓದುವವರು, ಅದರಲ್ಲೂ ಚಾಳೀಸು ಬಂದವರು, ಟ್ಯಾಬ್ ಒಯ್ದು ನೆರಳು ಹುಡುಕಬೇಕು. ಅಚ್ಚಾದ ಕನ್ನಡ ಪುಸ್ತಕವೂ ಒಂದು ಜತೆಗಿರಲಿ. ಡೆಕ್ಕಿನ ಗಾಳಿ ಪುಟ ತಿರುವುತ್ತಲೇ ಇರುತ್ತದೆ, ಬೆರಳಿಟ್ಟುಕೊಂಡು ಓದಬೇಕಾಗುತ್ತದೆ, ಆದರೂ ಒತ್ತುಗಳು ಕಾಣುತ್ತವೆ. ನಾನು ತರಲಿಲ್ಲ. ಮುಂಬೈವರೆಗಿನ ವಿಮಾನದಲ್ಲಿ ಒಯ್ಯಬಹುದಾದ 15 ಕಿಲೋದಲ್ಲಿ ಉಪ್ಪಿನಕಾಯಿ, ಚಕ್ಕುಲಿಗೆ ಜಾಗ ಹೋಗಿತ್ತು.

ಕೊನೆಯ ದಿನ ಹಡಗು ಉತ್ತರಕ್ಕೆ ಮುಖ ಮಾಡಿತ್ತು. ಬಲಗಡೆ ಕಾಣದಷ್ಟು ದೂರದಲ್ಲಿ ಹೊನ್ನಾವರ, ಕುಮಟಾ, ಕಾರವಾರ ಒಂದೊಂದಾಗಿ ಸರಿಯುತ್ತಿದ್ದಿರಬೇಕು. ನಾನು ಗಾಜಿನ ಬಾಗಿಲಿನ ಒಳಗೆ, ತಂಪಿನಲ್ಲಿ, ಟ್ಯಾಬನ್ನು ತೊಡೆಯ ಮೇಲಿಟ್ಟುಕೊಂಡು ಕನ್ನಡ ಕಾದಂಬರಿ ಓದುತ್ತಿದ್ದೆ. ಇವರು ಹೊರಗೆ ಆರಾಮಕುರ್ಚಿಯಲ್ಲಿ ಕಾಲು ಚಾಚಿ, ಕಪ್ಪು ಕನ್ನಡಕ ಹಾಕಿಕೊಂಡು ನನ್ನ ಇ-ರೀಡರ್‌ನಲ್ಲಿ ಇಂಗ್ಲಿಷ್ ಪತ್ತೇದಾರಿ ಹಿಡಿದಿದ್ದರು. ಮೂರನೆಯ ದಿನ ‘ಸುಮ್ಮನೆ ನೋಡ್ತೀನಿ’ ಎಂದು ತೆಗೆದುಕೊಂಡವರು ವಾಪಸು ಕೊಟ್ಟಿರಲಿಲ್ಲ. ಸಂಜೆ ಐದರ ಹೊತ್ತಿಗೆ ಎದ್ದು ಒಳಗೆ ಬಂದರು. ಕೊಲೆಗಾರ ಯಾರೆಂದು ತಿಳಿಯಲು ಇನ್ನು ಇಪ್ಪತ್ತು ಪುಟವಿತ್ತಂತೆ.

“ನಿನ್ನ ಆರು ವಾರ ಮುಗೀತು ಕಣೇ,” ಅಂದರು. “ಚಾರ್ಜರ್ ಎಲ್ಲಿಟ್ಟಿದೀಯ?”